ನೆನಪಿನ ಕೀ ಉತ್ತರ ಯಾರ ಹತ್ತಿರ ಇದೆ?

2021ರ ಅಕ್ಟೋಬರ್ 29, ಶುಕ್ರವಾರ. ಪುನೀತ್ ರಾಜ್‌ಕುಮಾರ್ ಇನ್ನಿಲ್ಲ ಎಂಬ ಸುದ್ದಿ ಬಂದಾಗ ನೀವು ಎಲ್ಲಿದ್ದಿರಿ?

ಈ ಪ್ರಶ್ನೆಗೆ ಉತ್ತರ ಇಲ್ಲದ ಕನ್ನಡಿಗರು ಕಡಿಮೆ. ಯಾರು ಫೋನ್ ಮಾಡಿದರು, ಟಿವಿ ಹಾಕಿದ್ದು ಯಾರು, ಕೈಯಲ್ಲಿ ಏನಿತ್ತು, ಎಲ್ಲ ಹೇಳುತ್ತಾರೆ. ನನಗೂ ಚೆನ್ನಾಗಿ ನೆನಪಿದೆ. ಒಂದು ದರ್ಶಿನಿಯಲ್ಲಿ ಕಾಫಿ ಹಿಡಿದು ನಿಂತಿದ್ದೆ. ಗೋಡೆಯ ಟಿವಿಯಲ್ಲಿ ಸುದ್ದಿ ಬಂತು. ಕ್ಯಾಷಿಯರ್ ಕುರ್ಚಿಯಿಂದ ಎದ್ದು ನಿಂತುಬಿಟ್ಟರು.

ಮೊನ್ನೆ ಏನೋ ಹುಡುಕುತ್ತಾ ಹಳೇ ವಾಟ್ಸಾಪ್ ಮೆಸೇಜುಗಳಿಗೆ ಹೋದೆ. ಆ ಮಧ್ಯಾಹ್ನ ಅಕ್ಕನಿಗೆ ಕಳಿಸಿದ್ದು ಸಿಕ್ಕಿತು. 'ಬಸ್ಸಲ್ಲಿದೀನಿ. ಪಕ್ಕದವರು ಹೇಳ್ತಿದಾರೆ. ನಿಜಾನಾ?' ಅಷ್ಟೇ. ಹಾಗಾದರೆ ದರ್ಶಿನಿ, ಕಾಫಿ, ಕ್ಯಾಷಿಯರ್ ಎಲ್ಲಿಂದ ಬಂದರು? ಬಸ್ಸಿಳಿದ ಮೇಲೆ ಕುಡಿದ ಕಾಫಿ ಇರಬಹುದೇನೋ. ಆದರೆ ಈಗಲೂ ಕಣ್ಣು ಮುಚ್ಚಿದರೆ ಕಾಣುವುದು ದರ್ಶಿನಿಯೇ, ಬಸ್ಸಲ್ಲ.

ಆ ಮೆಸೇಜ್ ಡಿಲೀಟ್ ಆಗಿದ್ದರೆ ನನ್ನ ನೆನಪು ತಪ್ಪು ಅಂತ ಹೇಳುವವರೇ ಇರುತ್ತಿರಲಿಲ್ಲ. ವಿಶ್ವವಿದ್ಯಾಲಯದ ಮನಃಶಾಸ್ತ್ರ ಲ್ಯಾಬುಗಳಲ್ಲಿ ನೆನಪಿನ ಮೇಲೆ ಸಂಶೋಧನೆ ಮಾಡುವವರ ಕೆಲಸ ಶುರುವಾಗುವುದು ಇಲ್ಲಿಂದಲೇ. ನೆನಪು ಸರಿಯೋ ತಪ್ಪೋ ಹೇಳಬೇಕಾದರೆ, ನಿಜವಾಗಿ ನಡೆದದ್ದೇನು ಎಂಬ ಕೀ ಉತ್ತರ ಮೊದಲೇ ಕೈಯಲ್ಲಿರಬೇಕು. ಬದುಕಿನಲ್ಲಿ ಅದು ಸಿಗುವುದು ಅಪರೂಪ. ಲ್ಯಾಬಿನಲ್ಲಿ ಅದನ್ನು ನಾವೇ ತಯಾರಿಸಿ ಇಟ್ಟುಕೊಳ್ಳಬಹುದು.

ಮೊದಲು ಈ ಪಟ್ಟಿ ಓದಿಬಿಡಿ

ಒಂದೊಂದು ಪದವನ್ನೂ ಒಂದೇ ಸಲ, ನಿಧಾನವಾಗಿ ಓದಿ:

ಹಾಸಿಗೆ, ದಿಂಬು, ಕಂಬಳಿ, ಆಕಳಿಕೆ, ಮಂಚ, ಕನಸು, ಗೊರಕೆ, ರಾತ್ರಿ, ಜೋಗುಳ, ತೂಕಡಿಕೆ, ಚಾಪೆ, ಸುಸ್ತು.

ಆಯಿತಾ? ಇದರ ಕೆಲಸ ಆಮೇಲೆ ಇದೆ. ಅಲ್ಲಿಯವರೆಗೆ ವಾಪಸ್ ಹೋಗಿ ನೋಡಬೇಡಿ.

ಅರ್ಥವಿಲ್ಲದ್ದನ್ನು ಉರು ಹೊಡೆದ ಮನುಷ್ಯ

ಎತ್ತರ ಅಳೆಯಲು ಟೇಪ್ ಇದೆ, ಜ್ವರ ಅಳೆಯಲು ಥರ್ಮಾಮೀಟರ್ ಇದೆ. ನೆನಪನ್ನು ಯಾವುದರಲ್ಲಿ ಅಳೆಯುವುದು?

ಇದಕ್ಕೆ ಮೊದಲು ದಾರಿ ಹುಡುಕಿದವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. 1879ರಲ್ಲಿ ಪ್ರಯೋಗ ಶುರು ಮಾಡಿದರು. ಪ್ರಯೋಗಕ್ಕೆ ಒಳಗಾದವರೂ ಅವರೊಬ್ಬರೇ. ಅವರಿಗೆ ಎದುರಾದ ಮೊದಲ ತೊಂದರೆ ಏನೆಂದರೆ, ಪದ್ಯವನ್ನೋ ಗದ್ಯವನ್ನೋ ಬಾಯಿಪಾಠ ಮಾಡಿದರೆ ಅದರಲ್ಲಿ ಹಳೆಯ ಪರಿಚಯ ಸೇರಿಕೊಳ್ಳುತ್ತದೆ. 'ಮಲ್ಲಿಗೆ' ಎಂದರೆ ಸುಮ್ನೆ ಮೂರು ಅಕ್ಷರವಲ್ಲ, ಅದರ ಹಿಂದೆ ವಾಸನೆ ಇದೆ, ಅಜ್ಜಿಯ ಮುಡಿ ಇದೆ. ಅದಕ್ಕೇ ಅವರು ಅರ್ಥವೇ ಇಲ್ಲದ ಸುಮಾರು 2,300 ತುಣುಕುಗಳನ್ನು ಮಾಡಿಕೊಂಡರು. ಕನ್ನಡದಲ್ಲಿ ಹೇಳುವುದಾದರೆ 'ಝಪ್', 'ಲೆಗ್', 'ಫೂಮ್' ಥರದವು. ಅವನ್ನು ಸಾಲಾಗಿ ಜೋಡಿಸಿ, ಟಿಕ್ ಟಿಕ್ ಲಯಕ್ಕೆ ಸರಿಯಾಗಿ, ತಪ್ಪಿಲ್ಲದೆ ಹೇಳಲು ಬರುವವರೆಗೂ ಉರು ಹೊಡೆಯುತ್ತಿದ್ದರು.

ಅವರ ನಿಜವಾದ ಜಾಣತನ ಇರುವುದು ಅಳತೆಯಲ್ಲಿ. ಮರುದಿನ ಎಷ್ಟು ನೆನಪಿದೆ ಎಂದು ಅವರು ಎಣಿಸಲಿಲ್ಲ. ಅದೇ ಸಾಲನ್ನು ಮತ್ತೆ ಕಲಿಯಲು ಎಷ್ಟು ಕಡಿಮೆ ಶ್ರಮ ಸಾಕಾಯಿತು ಎಂದು ನೋಡಿದರು. ನಾಲ್ಕನೇ ಕ್ಲಾಸಿನ ಪದ್ಯವೊಂದನ್ನು ಈಗ ಹೇಳಿ ಎಂದರೆ ನಿಮಗೆ ಒಂದು ಸಾಲೂ ಬರದೇ ಇರಬಹುದು. ಪುಸ್ತಕ ಹಿಡಿದು ಕೂತರೆ ಮಾತ್ರ ಹೊಸ ಪದ್ಯಕ್ಕಿಂತ ಬೇಗ ಬರುತ್ತದೆ, ಅಲ್ವಾ? ಹೀಗೆ ಉಳಿತಾಯವಾದ ಶ್ರಮವೇ ಅವರಿಗೆ ನೆನಪಿನ ಅಳತೆ. 20 ನಿಮಿಷದ ನಂತರ ಉಳಿತಾಯ ಶೇ. 58ರಷ್ಟಿತ್ತು. ಒಂದು ಗಂಟೆಗೆ ಶೇ. 44. ಒಂದು ದಿನಕ್ಕೆ ಶೇ. 34ರ ಹತ್ತಿರ. 31 ದಿನ ಕಳೆದ ಮೇಲೆ ಶೇ. 21. ನೆನಪು ಮೊದಲ ಗಂಟೆಯಲ್ಲಿ ಬಿರುಸಾಗಿ ಇಳಿಯುತ್ತದೆ, ಆಮೇಲೆ ಇಳಿತ ತೆವಳುತ್ತದೆ. ಇದನ್ನು 1885ರಲ್ಲಿ ಪ್ರಕಟಿಸಿದರು. ಒಬ್ಬನೇ ಮನುಷ್ಯನ ಲೆಕ್ಕ ನಂಬಬಹುದಾ ಎಂಬ ಅನುಮಾನ ಸಹಜ. 2015ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಮರುಪ್ರಯೋಗದಲ್ಲೂ ಹೆಚ್ಚೂಕಡಿಮೆ ಅದೇ ಇಳಿಜಾರು ಬಂತು. ಅಲ್ಲೂ ಒಬ್ಬರೇ ಕೂತು ಸುಮಾರು 70 ಗಂಟೆ ಈ ಅರ್ಥವಿಲ್ಲದ ಸಾಲುಗಳನ್ನು ಕಲಿತಿದ್ದರು. ಪಾಪ.

ಡಿಗ್ರಿಯಲ್ಲಿ ಸೈಕಾಲಜಿ ತೆಗೆದುಕೊಂಡವರಿಗೆ ಇದೆಲ್ಲ ಹಳೇ ಪರಿಚಯ. ನಮ್ಮ ಲ್ಯಾಬಿನಲ್ಲಿ ಮೆಮೊರಿ ಡ್ರಮ್ ಅಂತ ಒಂದು ಉಪಕರಣ ಇತ್ತು. ಒಂದು ಉರುಳೆ, ಅದಕ್ಕೆ ಸುತ್ತಿದ ಕಾಗದ, ಮುಂದೆ ಒಂದು ಸಣ್ಣ ಕಿಂಡಿ. ಉರುಳೆ ತಿರುಗಿದಂತೆ ಕಿಂಡಿಯಲ್ಲಿ ಒಂದೊಂದೇ ಪದ ಬಂದು ಹೋಗುತ್ತಿತ್ತು. ಜೊತೆಯವನನ್ನು ಮುಂದೆ ಕೂರಿಸಿ ಓದಿಸಿ, ಅವನು ಹೇಳಿದ್ದನ್ನು ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಬರೆಯಬೇಕಿತ್ತು. ಆಗ ಇದೊಂದು ತಮಾಷೆಯ ಡಬ್ಬಿ ಎನಿಸಿತ್ತು. ಎಲ್ಲರಿಗೂ ಅದೇ ಪದ, ಅದೇ ಕ್ರಮ, ಅಷ್ಟೇ ಹೊತ್ತು ಕಾಣಬೇಕು ಎಂಬುದೇ ಅದರ ಗುಟ್ಟು ಎಂದು ಹೊಳೆದದ್ದು ಬಹಳ ತಡವಾಗಿ. ಈಗ ಆ ಕೆಲಸವನ್ನು ಕಂಪ್ಯೂಟರ್ ಪರದೆ ಮಾಡುತ್ತದೆ.

ಅಂದ ಹಾಗೆ, ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ, ಮಹಾರಾಜ ಕಾಲೇಜಿನಲ್ಲಿ. ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಕೇಂದ್ರ ಶುರು ಮಾಡಿದ ಗೋಪಾಲಸ್ವಾಮಿ ಇವರೇ. 'ಆಕಾಶವಾಣಿ' ಎಂಬ ಹೆಸರು ನಮಗೆ ಬಂದದ್ದು ಒಬ್ಬ ಮನಃಶಾಸ್ತ್ರದ ಮೇಷ್ಟ್ರ ಆ ಕೇಂದ್ರದಿಂದ.

ಏಳರ ಗಡಿ, ಮತ್ತು ಓಟಗಾರನೊಬ್ಬ

ಫೋನ್ ನಂಬರ್ ಹೇಳುವಾಗ ನಾವು ಹತ್ತೂ ಅಂಕಿಯನ್ನು ಒಂದೇ ಉಸಿರಿಗೆ ಹೇಳುವುದಿಲ್ಲ. ಐದು ಹೇಳಿ, ನಿಲ್ಲಿಸಿ, ಇನ್ನೈದು ಹೇಳುತ್ತೇವೆ. ಕೇಳಿದ ಕೂಡಲೇ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿಗೆ ಮಿತಿ ಇದೆ. ಅದು ಸುಮಾರು ಏಳು, ಎರಡು ಹೆಚ್ಚೋ ಎರಡು ಕಡಿಮೆಯೋ ಎಂದು 1956ರಲ್ಲಿ ಜಾರ್ಜ್ ಮಿಲ್ಲರ್ ಬರೆದರು. ಏಳು ಅಂಕಿಯೇ ಆಗಬೇಕಿಲ್ಲ, ಏಳು ಕಟ್ಟು. ಒಂದೊಂದು ಕಟ್ಟಿನಲ್ಲಿ ಏನೆಷ್ಟು ತುಂಬುತ್ತೀರಿ ಎಂಬುದು ನಿಮಗೆ ಬಿಟ್ಟಿದ್ದು.

ಇದನ್ನು ಎಲ್ಲಿಯವರೆಗೆ ಎಳೆಯಬಹುದು? ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲ್ಯಾಬಿಗೆ ಒಬ್ಬ ವಿದ್ಯಾರ್ಥಿ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಬಂದು ಕೂತ. ಒಟ್ಟು ಸುಮಾರು 230 ಗಂಟೆ. ಸೆಕೆಂಡಿಗೆ ಒಂದರಂತೆ ಅಂಕಿ ಓದುತ್ತಾರೆ, ಇವನು ಅದೇ ಕ್ರಮದಲ್ಲಿ ವಾಪಸ್ ಹೇಳಬೇಕು. ಮೊದಲು ಏಳು ಅಂಕಿ ಹೇಳುತ್ತಿದ್ದವನು ಕೊನೆಗೆ 79 ಅಂಕಿ ಹೇಳಿದ! ಅವನೊಬ್ಬ ದೂರದ ಓಟಗಾರ. 3, 4, 9, 2 ಎಂದು ಕೇಳಿದರೆ ಅವನಿಗೆ ಅದು ನಾಲ್ಕು ಅಂಕಿಯಲ್ಲ, ಒಂದು ಮೈಲಿಯನ್ನು 3 ನಿಮಿಷ 49.2 ಸೆಕೆಂಡಿನಲ್ಲಿ ಓಡಿದ ಸಮಯ. ಅವಧಾನಿಗೆ ಛಂದಸ್ಸು ಹೇಗೋ ಇವನಿಗೆ ಓಟ ಹಾಗೆ. ತುಂಬಿಸಿಕೊಳ್ಳಲು ಪಾತ್ರೆ ಮೊದಲೇ ಸಿದ್ಧವಿತ್ತು.

ಸಂಶೋಧಕರು ಒಂದು ದಿನ ಅಂಕಿ ಬಿಟ್ಟು ಅಕ್ಷರ ಓದಿದರು. ಅವನ ಲೆಕ್ಕ ಮತ್ತೆ ಆರರ ಹತ್ತಿರಕ್ಕೆ ಬಂದು ನಿಂತಿತು. ಸಾಮರ್ಥ್ಯ ಬೆಳೆದಿರಲಿಲ್ಲ, ಕಟ್ಟು ಕಟ್ಟುವ ಕಲೆ ಬೆಳೆದಿತ್ತು. 'ನೆನಪಿನ ಶಕ್ತಿ ಹತ್ತು ಪಟ್ಟು' ಎಂಬ ಜಾಹೀರಾತು ಕಂಡಾಗ ನನಗೆ ಈ ಹುಡುಗ ನೆನಪಾಗುತ್ತಾನೆ.

ಬಿಟ್ಟ ಸ್ಥಳ ತುಂಬಿರಿ

ಈಗ ಆ ಪಟ್ಟಿಗೆ ಬರೋಣ. ಇವುಗಳಲ್ಲಿ ಯಾವ್ಯಾವುದು ಅಲ್ಲಿತ್ತು: ದಿಂಬು, ಕುರ್ಚಿ, ನಿದ್ದೆ, ಗೊರಕೆ?

ಕುರ್ಚಿ ಇರಲಿಲ್ಲ, ಅದು ಸುಲಭ. 'ನಿದ್ದೆ' ಇತ್ತು ಅಂದಿರಾ? ಈಗ ಮೇಲೆ ಹೋಗಿ ನೋಡಬಹುದು. ಇಲ್ಲ.

ಈ ಪಟ್ಟಿ ನಾನು ಮಾಡಿದ್ದು. ಉಪಾಯ ಮಾತ್ರ ಹೆನ್ರಿ ರೋಡಿಗರ್ ಮತ್ತು ಕ್ಯಾಥ್ಲೀನ್ ಮ್ಯಾಕ್‌ಡರ್ಮಟ್ ಅವರದ್ದು. 1959ರ ಜೇಮ್ಸ್ ಡೀಸ್ ಎಂಬವರ ಪಟ್ಟಿಗಳನ್ನು ಹಿಡಿದು, ಅವರು 1995ರಲ್ಲಿ ಇಂಥ ಪ್ರಯೋಗ ಪ್ರಕಟಿಸಿದರು. ನಿದ್ದೆಯ ಸುತ್ತಮುತ್ತಲಿನ ಪದಗಳೆಲ್ಲ ಇರುತ್ತವೆ, ನಿದ್ದೆ ಮಾತ್ರ ಇರುವುದಿಲ್ಲ. ಪಟ್ಟಿ ಕೇಳಿಸಿ ಬರೆಯಲು ಹೇಳಿದಾಗ, ಇಲ್ಲದ ಆ ಪದವನ್ನು ಜನ ಮೊದಲ ಪ್ರಯೋಗದಲ್ಲಿ ಶೇ. 40, ಎರಡನೆಯದರಲ್ಲಿ ಶೇ. 55ರಷ್ಟು ಸಲ ಬರೆದರು. ಸುಮ್ನೆ ಊಹೆಯಲ್ಲ, ಅದನ್ನು ಕೇಳಿದ್ದೇ ನೆನಪಿದೆ ಎಂದವರೂ ಬಹಳ.

ಇಲ್ಲಿ ಎರಡು ಬಗೆಯ ಪರೀಕ್ಷೆ ಇದೆ. ಖಾಲಿ ಹಾಳೆ ಕೊಟ್ಟು ಬರೆಯಿರಿ ಎನ್ನುವುದು ಒಂದು. ಕೊಟ್ಟ ಪದಗಳಲ್ಲಿ ಗುರುತು ಹಿಡಿಯಿರಿ ಎನ್ನುವುದು ಇನ್ನೊಂದು. ನಮ್ಮ ಪ್ರಶ್ನೆಪತ್ರಿಕೆಯ 'ಬಿಟ್ಟ ಸ್ಥಳ ತುಂಬಿರಿ' ಮತ್ತು 'ಸರಿಯಾದ ಉತ್ತರ ಆರಿಸಿ ಬರೆಯಿರಿ' ಇದ್ದ ಹಾಗೆ. ಎರಡರಲ್ಲೂ 'ನಿದ್ದೆ' ನುಸುಳುತ್ತದೆ.

ಯಾಕೆ? ಇದಕ್ಕೆ ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ಒಂದು ಉತ್ತರ ಕೊಟ್ಟಿದ್ದರು. ಅವರು ಇಂಗ್ಲೆಂಡಿನ ಓದುಗರಿಗೆ ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕಥೆ ಓದಲು ಕೊಟ್ಟರು. ದೆವ್ವಗಳು ಬರುವ, ಅವರಿಗೆ ತಲೆಬುಡ ತಿಳಿಯದ ಕಥೆ. ಆಮೇಲೆ ಬೇರೆ ಬೇರೆ ಸಮಯದಲ್ಲಿ ಅದನ್ನೇ ಮತ್ತೆ ಬರೆಯಿಸಿದರು. ಕಥೆ ಸಣ್ಣದಾಗುತ್ತಾ ಹೋಯಿತು. ಅದಕ್ಕಿಂತ ಮುಖ್ಯವಾಗಿ, ಇಂಗ್ಲೆಂಡಿನದಾಗುತ್ತಾ ಹೋಯಿತು. ಸೀಲ್ ಬೇಟೆಗೆ ಹೊರಟವರು ಮೀನು ಹಿಡಿಯಲು ಹೊರಟರು. ಅರ್ಥವಾಗದ ಜಾಗಗಳನ್ನು ಓದುಗರು ತಮಗೆ ಗೊತ್ತಿದ್ದುದರಿಂದ ತುಂಬಿದ್ದರು.

ನೆನಪನ್ನು ಕ್ಯಾಮೆರಾಗೆ ಹೋಲಿಸುವ ರೂಢಿ ಇದೆ. ತಾಳಮದ್ದಳೆ ಹೆಚ್ಚು ಒಪ್ಪುವ ಹೋಲಿಕೆ ಅನಿಸುತ್ತದೆ. ಪ್ರಸಂಗದ ಪದ್ಯ ನಿಗದಿ. ಅರ್ಥಧಾರಿಯ ಮಾತು ಎಲ್ಲೂ ಬರೆದಿಟ್ಟದ್ದಲ್ಲ. ಆ ರಾತ್ರಿ, ಎದುರಿನವರ ಮಾತು ಕೇಳಿ, ಆಗಲೇ ಕಟ್ಟಿದ್ದು. ನಾವು ನೆನಪಿಸಿಕೊಳ್ಳುವುದೂ ಹಾಗೆಯೇ. ಉಳಿದಿರುವುದು ಒಂದಿಷ್ಟು ಪದ್ಯ, ಮಿಕ್ಕ ಮಾತು ಆ ಹೊತ್ತಿನದು. ಒಂದು ವ್ಯತ್ಯಾಸವಿದೆ. ನಿನ್ನೆ ರಾತ್ರಿ ಕಟ್ಟಿದ ಮಾತು ನಾಳೆಗೆ ಪದ್ಯದ ಜಾಗದಲ್ಲೇ ಕೂತುಬಿಡಬಹುದು.

ಒಂದು ಕ್ರಿಯಾಪದದ ಬೆಲೆ

ಎದುರಿನವರ ಮಾತಿನಿಂದ ನೆನಪು ಎಷ್ಟು ಬದಲಾಗುತ್ತದೆ? ಅದನ್ನು ಅಳೆದವರು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ಎಲಿಜಬೆತ್ ಲಾಫ್ಟಸ್. 1974ರಲ್ಲಿ ಜಾನ್ ಪಾಮರ್ ಜೊತೆ ಪ್ರಕಟಿಸಿದ ಪ್ರಯೋಗ ಇದು. 45 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ತುಣುಕು ಚಿತ್ರ ತೋರಿಸಿದರು. ಕಾರುಗಳ ವೇಗ ಎಷ್ಟಿತ್ತು ಎಂದು ಕೇಳಿದರು. ಪ್ರಶ್ನೆಯಲ್ಲಿ ಬದಲಾದದ್ದು ಒಂದೇ ಪದ. ಕೆಲವರಿಗೆ 'ಕಾರುಗಳು ಅಪ್ಪಳಿಸಿದಾಗ', ಕೆಲವರಿಗೆ 'ಒಂದಕ್ಕೊಂದು ತಾಗಿದಾಗ', ಹೀಗೆ ಐದು ಬಗೆ. 'ಅಪ್ಪಳಿಸಿದಾಗ' ಎಂದು ಕೇಳಿಸಿಕೊಂಡವರು ಹೇಳಿದ ಸರಾಸರಿ ವೇಗ ಗಂಟೆಗೆ 40.8 ಮೈಲಿ, ಸುಮಾರು 66 ಕಿಲೋಮೀಟರ್. 'ತಾಗಿದಾಗ' ಎಂದು ಕೇಳಿಸಿಕೊಂಡವರದ್ದು 31.8 ಮೈಲಿ, ಸುಮಾರು 51 ಕಿಲೋಮೀಟರ್. ನೋಡಿದ್ದು ಅದೇ ಚಿತ್ರಗಳನ್ನು.

ಆ ಪದ ಊಹೆಯನ್ನು ಮಾತ್ರ ಬದಲಿಸಿತೋ, ನೆನಪನ್ನೇ ಬದಲಿಸಿತೋ? ಈ ಸಲ 150 ವಿದ್ಯಾರ್ಥಿಗಳು. 50 ಜನರಿಗೆ 'ಅಪ್ಪಳಿಸಿದ' ಪ್ರಶ್ನೆ, 50 ಜನರಿಗೆ 'ಹೊಡೆದ' ಪ್ರಶ್ನೆ, ಉಳಿದವರಿಗೆ ವೇಗದ ಪ್ರಶ್ನೆಯೇ ಇಲ್ಲ. ಒಂದು ವಾರ ಬಿಟ್ಟು ಕೇಳಿದರು: ಒಡೆದ ಗಾಜು ಕಂಡಿತಾ? ಚಿತ್ರದಲ್ಲಿ ಗಾಜು ಒಡೆದಿರಲೇ ಇಲ್ಲ. 'ಅಪ್ಪಳಿಸಿದ' ಗುಂಪಿನಲ್ಲಿ 16 ಜನ ಕಂಡಿತು ಎಂದರು. 'ಹೊಡೆದ' ಗುಂಪಿನಲ್ಲಿ 7, ಏನೂ ಕೇಳದ ಗುಂಪಿನಲ್ಲಿ 6.

ಸುಳ್ಳು ಹೇಳುವುದಕ್ಕೂ ತಪ್ಪಾಗಿ ನೆನಪಿರುವುದಕ್ಕೂ ವ್ಯತ್ಯಾಸ ಇರುವುದು ಇಲ್ಲೇ. ಆ 16 ಜನ ಯಾರನ್ನೂ ಮೋಸ ಮಾಡಲು ಹೊರಟವರಲ್ಲ.

1995ರಲ್ಲಿ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್ರೆಲ್ ಇನ್ನೂ ಮುಂದೆ ಹೋದರು. 24 ಜನರ ಮನೆಯವರಿಂದ ಬಾಲ್ಯದ ಮೂರು ನಿಜ ಘಟನೆಗಳನ್ನು ಪಡೆದು, ಅದಕ್ಕೆ ಒಂದು ಕಟ್ಟುಕಥೆ ಸೇರಿಸಿದರು. ಐದು ವರ್ಷದವರಿದ್ದಾಗ ನೀವು ಶಾಪಿಂಗ್ ಮಾಲಿನಲ್ಲಿ ಕಳೆದುಹೋಗಿ ಅಳುತ್ತಿದ್ದಿರಿ ಎಂದು. ನಮ್ಮಲ್ಲಾದರೆ ಜಾತ್ರೆ ಎನ್ನಬೇಕಿತ್ತು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆ ಆಗದ ಘಟನೆ ಪೂರ್ತಿಯೋ ಅರೆಬರೆಯೋ 'ನೆನಪಾಯಿತು'. 24 ಜನ ತೀರಾ ಕಡಿಮೆ ಎಂಬ ಟೀಕೆ ಬಂತು. ನ್ಯಾಯವೇ. 2023ರಲ್ಲಿ 123 ಜನರ ಮೇಲೆ ಮಾಡಿದ ಮರುಪ್ರಯೋಗ ಪ್ರಕಟವಾಯಿತು. ಅದರಲ್ಲಿ ಈ ಪ್ರಮಾಣ ಶೇ. 35.

ಇಂಥ ಪ್ರಯೋಗಗಳಲ್ಲಿ ಜನರಿಗೆ ಮೊದಲು ಸುಳ್ಳು ಹೇಳಬೇಕಾಗುತ್ತದೆ. ಅದಕ್ಕೇ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಮುಗಿದ ಮೇಲೆ ಕೂರಿಸಿ ನಿಜ ಹೇಳಲೇಬೇಕು.

ಕೋರ್ಟಿನ ಮೆಟ್ಟಿಲು

'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆ ನಮಗೆ ಗೊತ್ತೇ ಇದೆ. ಅಮೆರಿಕದಲ್ಲಿ ಶಿಕ್ಷೆಯಾದ ಎಷ್ಟೋ ವರ್ಷದ ಮೇಲೆ ಡಿಎನ್ಎ ಪರೀಕ್ಷೆಯಿಂದ ನಿರಪರಾಧಿ ಎಂದು ಸಾಬೀತಾದ ನೂರಾರು ಪ್ರಕರಣಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ, ಕಣ್ಣಾರೆ ಕಂಡ ಸಾಕ್ಷಿ ತಪ್ಪು ವ್ಯಕ್ತಿಯನ್ನು ಗುರುತು ಹಿಡಿದದ್ದು ಒಂದು ಕಾರಣವಾಗಿತ್ತು. ಆ ಪ್ರಕರಣಗಳಲ್ಲಿ ಕೀ ಉತ್ತರ ಬಂದದ್ದು ಡಿಎನ್ಎಯಿಂದ.

ನಮ್ಮಲ್ಲಿ ಬೆಂಗಳೂರು ಒಂದು ಕಾಲಕ್ಕೆ ಮಂಪರು ಪರೀಕ್ಷೆಗೆ ಹೆಸರಾಗಿತ್ತು. ಔಷಧಿ ಕೊಟ್ಟು ಅರೆನಿದ್ದೆಯಲ್ಲಿಟ್ಟರೆ ಒಳಗಿರುವ ಸತ್ಯ ತಾನೇ ಹೊರಗೆ ಬರುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. ಈ ನಂಬಿಕೆ ನಿಲ್ಲಬೇಕಾದರೆ ನೆನಪು ಎಂಬುದು ಬೀರುವಿನಲ್ಲಿಟ್ಟ ಕಡತದ ಹಾಗೆ ಇರಬೇಕು. ಮಂಪರಿನಲ್ಲಿರುವವನು ಮಾತು ಜಾಸ್ತಿ ಆಡುತ್ತಾನೆ, ಕೇಳುವವರ ಸೂಚನೆಗೂ ಸುಲಭವಾಗಿ ಒಲಿಯುತ್ತಾನೆ. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ಲದೆ ಯಾರಿಗೂ ಈ ಪರೀಕ್ಷೆ ಮಾಡುವಂತಿಲ್ಲ ಎಂದಿತು. ಒಪ್ಪಿ ಮಾಡಿಸಿಕೊಂಡರೂ ಅಲ್ಲಿ ಆಡಿದ ಮಾತೇ ಸಾಕ್ಷ್ಯವಾಗುವುದಿಲ್ಲ. ತೀರ್ಪಿನ ಮುಖ್ಯ ಆಧಾರ ಸಂವಿಧಾನ: ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡಬಾರದು ಎಂಬುದು.

ಪರೀಕ್ಷೆಗೆ ಓದುವವರಿಗೊಂದು ಪ್ರಯೋಗ

ಇಷ್ಟು ಹೊತ್ತು ನೆನಪಿನ ತಪ್ಪುಗಳನ್ನೇ ಹೇಳಿದೆ. ಲ್ಯಾಬಿನಿಂದ ಬಂದದ್ದರಲ್ಲಿ ಮನೆಗೆ ಬೇಕಾದದ್ದೂ ಇದೆ.

ಮತ್ತೆ ರೋಡಿಗರ್, ಈ ಸಲ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿಯಲ್ಲಿ, ಜೆಫ್ರಿ ಕಾರ್ಪಿಕಿ ಜೊತೆ. ಲಾಫ್ಟಸ್ ಇದ್ದದ್ದು ಸಿಯಾಟಲ್‌ನಲ್ಲಿ, ಇದು ಬೇರೆ. 2006ರಲ್ಲಿ ಪ್ರಕಟವಾದ ಪ್ರಯೋಗ. ವಿದ್ಯಾರ್ಥಿಗಳಿಗೆ ಒಂದು ಸಣ್ಣ ಪಾಠ ಕೊಟ್ಟರು. ಒಂದು ಗುಂಪು ಅದನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬರೆಯಿತು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಎರಡು ಸಲ ಓದಿದವರೇ ಮುಂದು: ಶೇ. 81ಕ್ಕೆ ಶೇ. 75. ಒಂದು ವಾರದ ನಂತರ ತಿರುಗುಮುರುಗು: ಓದಿ ಓದಿದವರಿಗೆ ಶೇ. 42, ಮುಚ್ಚಿ ಬರೆದವರಿಗೆ ಶೇ. 56.

ಇದೇ ಕೆಲಸದ ಎರಡನೇ ಪ್ರಯೋಗದಲ್ಲಿ ನಾಲ್ಕು ಸಲ ಓದಿದ ಗುಂಪೊಂದಿತ್ತು. ವಾರದ ನಂತರ ಎಷ್ಟು ನೆನಪಿರುತ್ತದೆ ಎಂದು ಮೊದಲೇ ಕೇಳಿದಾಗ ಹೆಚ್ಚು ಭರವಸೆ ಇದ್ದದ್ದು ಇವರಿಗೇ. ವಾರದ ನಂತರ ಕಡಿಮೆ ಅಂಕ ಬಂದದ್ದೂ ಇವರಿಗೇ. ಮತ್ತೆ ಮತ್ತೆ ಓದಿದರೆ ಪುಟ ಪರಿಚಯವಾಗುತ್ತದೆ. ಪರಿಚಯವಾದದ್ದೆಲ್ಲ ಗೊತ್ತಿದೆ ಅನಿಸುತ್ತದೆ. ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿ, ಪುಸ್ತಕ ಇಲ್ಲದೆ ಮಗ್ಗಿ ಒಪ್ಪಿಸಲು ಹೇಳುತ್ತಿದ್ದ ಅಜ್ಜಂದಿರು ಅರಿವಿಲ್ಲದೆ ಇದನ್ನೇ ಮಾಡಿಸುತ್ತಿದ್ದರು.

ಮತ್ತೆ ಆ ಶುಕ್ರವಾರ

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಹಾರಿದ 73 ಸೆಕೆಂಡಿಗೆ ಚೂರಾಯಿತು. ಏಳು ಜನ ತೀರಿಕೊಂಡರು. ಅಲ್ಲಿಯವರಿಗೆ ಅದು 'ಆಗ ನೀವು ಎಲ್ಲಿದ್ದಿರಿ' ಎಂದು ಕೇಳುವಂಥ ದಿನ. ಎಮೊರಿ ವಿಶ್ವವಿದ್ಯಾಲಯದ ಉಲ್ರಿಕ್ ನೈಸರ್ ತಕ್ಷಣ ಒಂದು ಕೆಲಸ ಮಾಡಿದರು. ಮರುದಿನ ಬೆಳಿಗ್ಗೆ 106 ವಿದ್ಯಾರ್ಥಿಗಳಿಂದ ಬರೆಯಿಸಿಕೊಂಡರು: ಸುದ್ದಿ ಹೇಗೆ ತಿಳಿಯಿತು, ಎಲ್ಲಿದ್ದಿರಿ, ಯಾರಿದ್ದರು. ಹಾಳೆಗಳನ್ನು ಎತ್ತಿಟ್ಟರು. ಕೀ ಉತ್ತರ ಸಿದ್ಧವಾಯಿತು.

ಎರಡೂವರೆ ವರ್ಷದ ಮೇಲೆ ನೈಸರ್ ಮತ್ತು ನಿಕೋಲ್ ಹಾರ್ಶ್ ಅವರಲ್ಲಿ 44 ಜನರನ್ನು ಹುಡುಕಿ ಅದೇ ಪ್ರಶ್ನೆ ಕೇಳಿದರು. ಏಳಕ್ಕೆ ಅಂಕ ಕೊಟ್ಟರೆ ಸರಾಸರಿ ಮೂರೂ ದಾಟಲಿಲ್ಲ. 11 ಜನರಿಗೆ ಸೊನ್ನೆ. ಒಬ್ಬ ವಿದ್ಯಾರ್ಥಿನಿ ಮರುದಿನ ಬರೆದಿದ್ದು, ಧರ್ಮಶಾಸ್ತ್ರದ ಕ್ಲಾಸಿನಲ್ಲಿ ಯಾರೋ ಬಂದು ಹೇಳಿದರು ಎಂದು. ನಂತರ ಹೇಳಿದ್ದು, ಹಾಸ್ಟೆಲ್ ರೂಮಿನಲ್ಲಿ ಗೆಳತಿಯ ಜೊತೆ ಟಿವಿ ನೋಡುತ್ತಿದ್ದೆ ಎಂದು. ಎಷ್ಟು ಖಾತ್ರಿ ಎಂದು ಐದಕ್ಕೆ ಅಂಕ ಕೊಡಲು ಕೇಳಿದಾಗ ಬಂದ ಸರಾಸರಿ ನಾಲ್ಕಕ್ಕಿಂತ ಜಾಸ್ತಿ. ಕೊನೆಗೆ ಅವರದೇ ಕೈಬರಹದ ಹಳೆಯ ಹಾಳೆಗಳನ್ನು ಮುಂದಿಟ್ಟರು. ಬೆರಗಾದರು. ಆದರೆ ಹಾಳೆಯಲ್ಲಿದ್ದ ಆ ಮೊದಲ ನೆನಪು ವಾಪಸ್ ಬರಲಿಲ್ಲ.

ಇದನ್ನು ಬರೆಯುವ ಮೊದಲು ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಆವತ್ತು ನಾನು ಮೆಸೇಜ್ ಮಾಡಿದಾಗ ನೀನು ಎಲ್ಲಿದ್ದೆ ಅಂತ.

'ಮೆಸೇಜ್ ಎಲ್ಲಿ ಮಾಡಿದ್ಯೋ? ಫೋನ್ ಮಾಡಿ ಅಳ್ತಿದ್ದೆಯಲ್ಲ' ಅಂದಳು.